ಒಡೆದ ಗಂಟೆಗಳು: ಲ್ಯೂಬೆಕ್ ನಗರದಲ್ಲಿ ಒಂದು ದಿನ

ಕೆಲವು ವರ್ಷಗಳ ಹಿಂದೆ ಬೇಸಿಗೆಯ ಎರಡು ತಿಂಗಳು ಉತ್ತರ ಜರ್ಮನಿಯ ಒಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುವ ಅವಕಾಶ ನನಗೆ ಒದಗಿತ್ತು. ಅಲ್ಲಿನ ಗುರುಗಳು ರಜೆಯ ಮೇಲೆ ತೆರಳಿದಾಗ ಬಲಿಪೂಜೆಗೆ ಅಡಚಣೆಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ವಾರಕ್ಕೆ ಒಂದು ದಿನ ಬಿಡುವು. ಅಂಥ ಒಂದು ಬಿಡುವಿನ ದಿನ ಹ್ಯಾಂಬರ್ಗಿನಲ್ಲಿ ರೈಲು ಹತ್ತಿ, ಮುಕ್ಕಾಲು ಗಂಟೆಯ ಪ್ರಯಾಣದ ನಂತರ ಲ್ಯೂಬೆಕ್ ಎಂಬ ಬಂದರು ನಗರದಲ್ಲಿ ಇಳಿದೆ. ಹೊರಡುವ ಮುನ್ನ ಗುರುನಿವಾಸದ ಅಡುಗೆಯ ತಾಯಿ, ‘ಲ್ಯೂಬೆಕ್ಕಿಗೆ ಹೋದವರು ಮಾರ್ಜಿಪಾನ್ ತಾರದೆ ಬರಬಾರದು’ ಎಂದು ನಗುತ್ತ ಎಚ್ಚರಿಸಿದ್ದರು. ಮಾರ್ಜಿಪಾನ್ ಎಂದರೆ ನಮ್ಮ ಕರಾವಳಿಯ ಮನೆಗಳಿಗೆ ಹೊಸದೇನಲ್ಲ. ಕ್ರಿಸ್‌ಮಸ್ಸಿನ ಕುಸ್ವಾರಿನ ತಟ್ಟೆಯಲ್ಲಿ ಗೋಡಂಬಿಯಿಂದ ಮಾಡಿದ ಅದು ಇದ್ದೇ ಇರುತ್ತದೆ. ಅವರದು ಬಾದಾಮಿಯದು, ಇಷ್ಟೇ ವ್ಯತ್ಯಾಸ.

ಮಿಠಾಯಿ ಕೊಂಡು, ನಾಲ್ಕಾರು ದೇವಾಲಯಗಳನ್ನು ನೋಡಿ, ಸಂಜೆಗೆ ಹಿಂತಿರುಗುವುದೆಂದು ನಾನು ಎಣಿಸಿದ್ದೆ. ಆದರೆ ಆ ನಗರ ನನ್ನ ಮನಸ್ಸಿನ ಮೇಲೆ ಒಂದು ಪ್ರಶ್ನೆಯನ್ನು ಹೊರಿಸಿ ಕಳುಹಿಸಿತು. ನಮ್ಮ ಹಿಂದಿನವರ ಕಥೆಯನ್ನು ನಾವು ಹೇಗೆ ನೆನೆಯಬೇಕು ಎಂಬುದೇ ಆ ಪ್ರಶ್ನೆ. ಪ್ರಿಯ ಓದುಗರೊಡನೆ ಅದನ್ನು ಹಂಚಿಕೊಳ್ಳಲು ಈ ಲೇಖನ.

ಉಪ್ಪು ಮತ್ತು ಮೀನು

ಲ್ಯೂಬೆಕ್ ಬಾಲ್ಟಿಕ್ ಸಮುದ್ರದ ದಡದಲ್ಲಿಯೇ ಇಲ್ಲ. ಟ್ರಾವೆ ಎಂಬ ನದಿಯ ಮೇಲೆ, ಸಮುದ್ರದಿಂದ ಸುಮಾರು 20 ಕಿಲೋಮೀಟರ್ ಒಳಗಿದೆ. ಹಳೆಯ ನಗರವು ಸುತ್ತಲೂ ನೀರಿರುವ ಒಂದು ದ್ವೀಪ. ರೈಲು ನಿಲ್ದಾಣದಿಂದ ಹೊರಟು ಐದು ನಿಮಿಷ ನಡೆದರೆ ಎರಡು ದಪ್ಪ ದುಂಡು ಗೋಪುರಗಳ ಹೋಲ್‌ಸ್ಟೆನ್ ದ್ವಾರ ಎದುರಾಗುತ್ತದೆ. 1464ರಿಂದ 1478ರವರೆಗೆ ಕಟ್ಟಿದ ಈ ಹೆಬ್ಬಾಗಿಲು ಜೌಗು ನೆಲದಲ್ಲಿ ಕುಸಿದು, ಅದರ ಗೋಪುರಗಳು ಒಂದರತ್ತ ಒಂದು ವಾಲಿಕೊಂಡಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಪಾಳುಬಿದ್ದಾಗ ಕೆಡವಿಹಾಕಬೇಕೆಂಬ ಕೂಗೆದ್ದಿತ್ತು. 1863ರಲ್ಲಿ ನಗರಸಭೆಯಲ್ಲಿ ಕೇವಲ ಒಂದು ಮತದ ಬಹುಮತದಿಂದ ಅದು ಉಳಿಯಿತು. ಒಂದು ಮತದಿಂದ ಉಳಿದ ಆ ದ್ವಾರವನ್ನೇ ಜರ್ಮನಿಯು 2006ರಲ್ಲಿ ತನ್ನ 2 ಯೂರೋ ನಾಣ್ಯದ ಮೇಲೆ ಅಚ್ಚೊತ್ತಿತು.

ದ್ವಾರ ದಾಟಿದೊಡನೆ ಬಲಗಡೆಗೆ ನದಿಯ ಅಂಚಿನಲ್ಲಿ ಹಳೆಯ ಉಪ್ಪಿನ ಉಗ್ರಾಣಗಳು ಸಾಲಾಗಿ ನಿಂತಿವೆ. ಈ ನಗರದ ಸಿರಿವಂತಿಕೆಯ ಗುಟ್ಟು ಅಲ್ಲಿದೆ. ದಕ್ಷಿಣಕ್ಕಿರುವ ಲ್ಯೂನೆಬುರ್ಗ್ ಊರಿನಲ್ಲಿ ಭೂಮಿಯಡಿಯ ಉಪ್ಪುನೀರನ್ನು ಕಾಯಿಸಿ ಬಿಳಿ ಉಪ್ಪು ತೆಗೆಯುತ್ತಿದ್ದರು. ಉತ್ತರಕ್ಕೆ, ಇಂದಿನ ಸ್ವೀಡನ್ನಿನ ದಕ್ಷಿಣ ಕರಾವಳಿಯಲ್ಲಿ, ಹೆರಿಂಗ್ ಮೀನು ರಾಶಿರಾಶಿಯಾಗಿ ಬಲೆಗೆ ಬೀಳುತ್ತಿತ್ತು. ಹೆರಿಂಗ್ ನಮ್ಮ ಬೂತಾಯಿಯ ದೂರದ ದಾಯಾದಿ. ಕೊಬ್ಬಿನ ಮೀನು, ಬೇಗ ಕೆಡುತ್ತದೆ. ಉಪ್ಪು ಹಾಕಿದರೆ ಮಾತ್ರ ದೂರದ ಊರುಗಳಿಗೆ ಕಳುಹಿಸಬಹುದು. ಒಂದೆಡೆ ಉಪ್ಪು, ಇನ್ನೊಂದೆಡೆ ಮೀನು, ನಡುವೆ ಲ್ಯೂಬೆಕ್. ಉಪ್ಪಿನ ಸಾಗಣೆಗಾಗಿ ಅಲ್ಲಿನವರು 1398ರಲ್ಲೇ ಸ್ಟೆಕ್ನಿಟ್ಸ್ ಎಂಬ ಕಾಲುವೆಯನ್ನು ತೋಡಿ ಮುಗಿಸಿದರು.

ಅಷ್ಟೊಂದು ಉಪ್ಪುಮೀನನ್ನು ತಿನ್ನುವವರು ಯಾರು ಎಂದು ನೀವು ಕೇಳಬಹುದು. ಅಂದಿನ ಪಶ್ಚಿಮ ಯುರೋಪ್ ಬಹುಮಟ್ಟಿಗೆ ಕಥೋಲಿಕ. ತಪಸ್ಸುಕಾಲದ ನಲವತ್ತು ದಿನ, ಪ್ರತಿ ಶುಕ್ರವಾರ, ಹಬ್ಬಗಳ ಮುನ್ನಾದಿನ, ಹೀಗೆ ವರ್ಷದ ಎಷ್ಟೋ ದಿನ ಮಾಂಸ ವರ್ಜ್ಯ. ಮೀನಿಗೆ ಅಡ್ಡಿಯಿರಲಿಲ್ಲ. ಭಕ್ತರ ಉಪವಾಸವೇ ವರ್ತಕರ ಲಾಭವಾಯಿತು! ತಪಸ್ಸುಕಾಲದ ಉಪವಾಸವು ಒಂದು ನಗರವನ್ನು ಶ್ರೀಮಂತಗೊಳಿಸಬಲ್ಲದೆಂಬುದು ನನಗಂತೂ ಹೊಸ ವಿಚಾರ.

ಈ ವ್ಯಾಪಾರದ ಬೆನ್ನೆಲುಬು ‘ಹಾನ್ಸ’ ಎಂಬ ವರ್ತಕ ನಗರಗಳ ಒಕ್ಕೂಟ. ಉಚ್ಛ್ರಾಯದ ಕಾಲದಲ್ಲಿ ಸುಮಾರು 200 ನಗರಗಳು ಅದರೊಂದಿಗೆ ಸೇರಿದ್ದವು. ಲಂಡನ್, ಬ್ರೂಗೆಸ್, ಬೆರ್ಗೆನ್, ನೊವ್ಗೊರೊಡ್ ನಗರಗಳಲ್ಲಿ ಅದರ ದೊಡ್ಡ ಕೋಠಿಗಳಿದ್ದವು. ಲ್ಯೂಬೆಕ್ ಅದರ ಮುಖ್ಯಸ್ಥಾನ. 1226ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಈ ನಗರಕ್ಕೆ ಸ್ವಾತಂತ್ರ್ಯದ ಸನ್ನದು ನೀಡಿದ. ಅಂದಿನಿಂದ ಅದು ತನ್ನನ್ನು ತಾನೇ ಆಳಿಕೊಳ್ಳುತ್ತಿದ್ದ ನಗರ. ಹಾನ್ಸದ ಕೊನೆಯ ಮಹಾಸಭೆ 1669ರಲ್ಲಿ ಇಲ್ಲಿಯೇ ನಡೆಯಿತು. ನಗರದ ಸ್ವಾತಂತ್ರ್ಯ ಮಾತ್ರ ಆಮೇಲೂ ಉಳಿದಿತ್ತು. ಅದನ್ನು 1937ರಲ್ಲಿ ಕಿತ್ತುಕೊಂಡವರು ಹಿಟ್ಲರನ ಸರ್ಕಾರದವರು.

ವರ್ತಕರ ದೇವಾಲಯ

ದೂರದಿಂದ ಬರುವ ನಾವಿಕರಿಗೆ ಮೊದಲು ಕಾಣುತ್ತಿದ್ದುದು ಈ ನಗರದ ಏಳು ಶಿಖರಗಳು. ಐದು ದೇವಾಲಯಗಳಿಗೆ ಸೇರಿದ ಏಳು ಶಿಖರಗಳವು. ಎಲ್ಲವೂ ಕೆಂಪು ಇಟ್ಟಿಗೆಯವು. ಉತ್ತರ ಜರ್ಮನಿಯ ಬಯಲಿನಲ್ಲಿ ಕಟ್ಟಡಕ್ಕೆ ಒದಗುವ ಕಲ್ಲು ವಿರಳ, ಜೇಡಿಮಣ್ಣು ಧಾರಾಳ. ಫ್ರಾನ್ಸಿನವರು ಕಲ್ಲಿನಲ್ಲಿ ಕಟ್ಟಿದ ಎತ್ತರದ ಗೋಥಿಕ್ ದೇವಾಲಯಗಳನ್ನು ಇವರು ಸುಟ್ಟ ಮಣ್ಣಿನಲ್ಲಿ ಕಟ್ಟಿ ತೋರಿಸಿದರು. ಮಂಗಳೂರು ಹೆಂಚಿನ ಬಣ್ಣಕ್ಕೆ ಒಗ್ಗಿದ ನನ್ನ ಕಣ್ಣಿಗೆ ಆ ಗೋಡೆಗಳು ಪರಕೀಯವೆನಿಸಲಿಲ್ಲ.

ಧರ್ಮಾಧ್ಯಕ್ಷರ ಪ್ರಧಾನಾಲಯಕ್ಕೆ 1173ರಲ್ಲಿ ಅಡಿಗಲ್ಲು ಬಿದ್ದಿತ್ತು. ಅದು ದ್ವೀಪದ ದಕ್ಷಿಣ ತುದಿಯಲ್ಲಿದೆ. ವರ್ತಕರು ಅಷ್ಟಕ್ಕೆ ಸುಮ್ಮನಿರಲಿಲ್ಲ. ಮಾರುಕಟ್ಟೆಯ ಪಕ್ಕದಲ್ಲಿ, ತಮ್ಮ ನಗರಸಭೆಯ ಭವನಕ್ಕೆ ತಾಗಿದಂತೆ, ಅದಕ್ಕಿಂತ ಎತ್ತರವಾದ ಮಾತೆ ಮರಿಯಮ್ಮನವರ ದೇವಾಲಯವನ್ನು ಕಟ್ಟಿದರು. ಅದರ ನಡುಮಂಟಪದ ಕಮಾನು 38.5 ಮೀಟರ್ ಎತ್ತರ. ಇಟ್ಟಿಗೆಯ ಕಮಾನುಗಳಲ್ಲಿ ಜಗತ್ತಿನಲ್ಲೇ ಇದಕ್ಕಿಂತ ಎತ್ತರದ್ದಿಲ್ಲ. ಭಕ್ತಿಯೊಂದಿಗೆ ಪೈಪೋಟಿಯೂ ಆ ಗೋಡೆಗಳನ್ನು ಮೇಲೆತ್ತಿತು ಎಂಬುದನ್ನು ಅಲ್ಲಿನವರು ಮುಚ್ಚಿಡುವುದಿಲ್ಲ. ನಮ್ಮಲ್ಲಿಯೂ ಪಕ್ಕದ ಊರಿನ ಗಂಟೆಗೋಪುರಕ್ಕಿಂತ ನಮ್ಮದು ಎರಡಡಿ ಎತ್ತರವಿರಲಿ ಎಂದು ಹಠ ಹಿಡಿದವರು ಇಲ್ಲವೇ?

ಅದೇ ವರ್ತಕರು ಬಡವರನ್ನೂ ಮರೆಯಲಿಲ್ಲ. 1286ರಲ್ಲಿ ಕಟ್ಟಿದ ಪವಿತ್ರಾತ್ಮರ ಆಸ್ಪತ್ರೆ ಇಂದಿಗೂ ನಿಂತಿದೆ. ರೋಗಿಗಳೂ ಅಬಲರಾದ ವೃದ್ಧರೂ ಅಲ್ಲಿ ಆಶ್ರಯ ಪಡೆದರು. ಉದ್ದನೆಯ ಹಜಾರದಲ್ಲಿ 1820ರ ಸುಮಾರಿಗೆ ಹಲಗೆಗಳಿಂದ ಮಾಡಿದ ಪುಟ್ಟ ಪುಟ್ಟ ಕೋಣೆಗಳಿವೆ. ಒಂದು ಮಂಚ, ಒಂದು ಮೇಜು ಹಿಡಿಸುವಷ್ಟು ಜಾಗ. 1970ರ ಹೊತ್ತಿನವರೆಗೂ ಅವುಗಳಲ್ಲಿ ವೃದ್ಧರು ವಾಸವಾಗಿದ್ದರೆಂದು ಕೇಳಿ ನಾನು ಬೆರಗಾದೆ.

1530–31ರಲ್ಲಿ ಧರ್ಮಸುಧಾರಣೆಯ ಅಲೆ ಇಲ್ಲಿಗೂ ಬಂದು, ನಗರ ಲೂಥರನ್ ಪಂಥವನ್ನು ಅಪ್ಪಿಕೊಂಡಿತು. ಮರಿಯಮ್ಮನವರ ದೇವಾಲಯ ಹೆಸರು ಬದಲಿಸಿಕೊಳ್ಳಲಿಲ್ಲ. ಆರಾಧನಾ ಕ್ರಮ ಬದಲಾಯಿತು. ಅಲ್ಲಿ ಆರ್ಗನ್ ನುಡಿಸುತ್ತಿದ್ದ ಡೀಟ್ರಿಖ್ ಬುಕ್ಸ್‌ಟೆಹೂಡೆಯವರ ಸಂಗೀತ ಕೇಳಲು 1705ರ ಶರತ್ಕಾಲದಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬ ಅರ್ನ್‌ಸ್ಟಾಟ್ ಊರಿನಿಂದ ಸುಮಾರು 400 ಕಿಲೋಮೀಟರ್ ದೂರ ಬಂದ. ಕಾಲ್ನಡಿಗೆಯಲ್ಲೇ ಬಂದನೆಂದು ಹೇಳುತ್ತಾರೆ. ನಾಲ್ಕು ವಾರಗಳ ರಜೆ ಕೇಳಿ ಬಂದವನು ನಾಲ್ಕು ತಿಂಗಳ ಹತ್ತಿರ ಉಳಿದುಬಿಟ್ಟ. ಹಿಂತಿರುಗಿದಾಗ ಮೇಲಧಿಕಾರಿಗಳಿಂದ ಛೀಮಾರಿಯೂ ಆಯಿತು. ಆ ತರುಣನ ಹೆಸರು ಯೊಹಾನ್ ಸೆಬಾಸ್ಟಿಯನ್ ಬಾಖ್.

ಗರಿಗಳ ಭಾನುವಾರದ ರಾತ್ರಿ

ಇಷ್ಟೆಲ್ಲ ನೋಡುತ್ತ ದೇವಾಲಯದೊಳಗೆ ಅಡ್ಡಾಡುತ್ತಿದ್ದವನು ದಕ್ಷಿಣ ಗೋಪುರದ ಬುಡಕ್ಕೆ ಬಂದು ತಟ್ಟನೆ ನಿಂತೆ. ಕಬ್ಬಿಣದ ಸರಳುಗಳ ಆಚೆ ನೆಲದ ಮೇಲೆ ಎರಡು ದೊಡ್ಡ ಗಂಟೆಗಳು ಒಡೆದು ಬಿದ್ದಿವೆ. ಮಣ್ಣಿನ ಮಡಕೆ ಬಿದ್ದು ಒಡೆದಂತೆ ಕಂಚು ಸೀಳಿದೆ, ಬಿದ್ದ ಪೆಟ್ಟಿಗೆ ನೆಲದ ಹಾಸುಗಲ್ಲೂ ನುಜ್ಜಾಗಿದೆ. ಯಾರೂ ಅವನ್ನು ಎತ್ತಿಲ್ಲ, ಜೋಡಿಸಿಲ್ಲ.

1942ರ ಮಾರ್ಚ್ 28ರ ರಾತ್ರಿ, ಬೆಳಗಾದರೆ ಗರಿಗಳ ಭಾನುವಾರ. ಬ್ರಿಟನ್ನಿನ 234 ಯುದ್ಧವಿಮಾನಗಳು ಈ ನಗರದ ಮೇಲೆ ದಾಳಿಗೆ ಹೊರಟವು. ಲ್ಯೂಬೆಕ್ ಆ ಯುದ್ಧದ ಅತಿ ಮುಖ್ಯ ಗುರಿಯೇನೂ ಆಗಿರಲಿಲ್ಲ. ಆದರೆ ಕರಾವಳಿಯ ಸಮೀಪವಿದ್ದುದರಿಂದ ಗುರುತಿಸುವುದು ಸುಲಭ, ರಕ್ಷಣೆ ದುರ್ಬಲ, ಹಳೆಯ ಮನೆಗಳಲ್ಲಿ ಮರಮುಟ್ಟು ಹೆಚ್ಚು. ಬೆಂಕಿಬಾಂಬುಗಳಿಂದ ಒಂದು ನಗರವನ್ನೇ ಸುಡಬಹುದೇ ಎಂಬ ಪ್ರಯೋಗಕ್ಕೆ ಇದು ಅನುಕೂಲವಾಗಿತ್ತು. ಸುಮಾರು 320 ಮಂದಿ ಸತ್ತರು. ಹಳೆಯ ನಗರದ ಐದನೆಯ ಒಂದು ಭಾಗದಷ್ಟು ನಾಶವಾಯಿತು. ಮರಿಯಮ್ಮನವರ ದೇವಾಲಯ ಮತ್ತು ಪ್ರಧಾನಾಲಯ ಎರಡೂ ಹೊತ್ತಿ ಉರಿದವು. 1463ರಲ್ಲಿ ಬೆರ್ನ್ಟ್ ನೋಟ್ಕೆ ಚಿತ್ರಿಸಿದ್ದ ‘ಮೃತ್ಯುವಿನ ನರ್ತನ’ದ ಸ್ಥಾನದಲ್ಲಿ 1701ರಲ್ಲಿ ಬರೆದಿದ್ದ ಅದರ ಪ್ರತಿಯೂ ಬೂದಿಯಾಯಿತು. ಉರಿಯುವ ಗೋಪುರದಿಂದ ಗಂಟೆಗಳು ಕೆಳಗುರುಳಿದವು.

1947ರಿಂದ 1959ರವರೆಗೆ ದೇವಾಲಯವನ್ನು ಮತ್ತೆ ಕಟ್ಟಿದರು. ಗಂಟೆಗಳನ್ನು ಮಾತ್ರ ಬಿದ್ದಲ್ಲೇ ಬಿಟ್ಟರು. ಆದರೆ ಅಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಗಂಟೆಗಳಷ್ಟೇ ಅಲ್ಲ. ಅದೇ ದೇವಾಲಯದಲ್ಲಿ ಮೊಳೆಗಳಿಂದ ಮಾಡಿದ ಒಂದು ಶಿಲುಬೆಯಿದೆ. ಅದು ಇಂಗ್ಲೆಂಡಿನ ಕವೆಂಟ್ರಿಯಿಂದ ಬಂದದ್ದು. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಕವೆಂಟ್ರಿಯನ್ನು ಸುಟ್ಟಿದ್ದವು. ಅಲ್ಲಿನ ಪ್ರಧಾನಾಲಯದ ಭಗ್ನಾವಶೇಷದಲ್ಲಿ ಸಿಕ್ಕ ಹಳೆಯ ಮೊಳೆಗಳನ್ನು ಶಿಲುಬೆಯಾಗಿ ಜೋಡಿಸಿದ ಅಲ್ಲಿನ ಕ್ರೈಸ್ತರು, ಅದೇ ಮಾದರಿಯ ಶಿಲುಬೆಗಳನ್ನು ಕಾಲಾನಂತರದಲ್ಲಿ ಜರ್ಮನಿಯ ದೇವಾಲಯಗಳಿಗೂ ಕಳುಹಿಸಿದರು. ಒಡೆದ ಗಂಟೆಯನ್ನು ಮಾತ್ರ ಇಟ್ಟಿದ್ದರೆ ಅದು ‘ನಮಗೆ ಅನ್ಯಾಯವಾಯಿತು’ ಎಂಬ ದೂರಾಗುತ್ತಿತ್ತು. ಮೊಳೆಗಳ ಶಿಲುಬೆಯನ್ನೂ ಇಟ್ಟುಕೊಂಡಾಗ, ‘ನಮ್ಮಿಂದಲೂ ಅನ್ಯಾಯವಾಯಿತು’ ಎಂಬ ನಿವೇದನೆಯೂ ಅದರೊಡನೆ ಸೇರುತ್ತದೆ.

ಸುಳ್ಳು ಸಂತರು

ಹಾಗೆಂದು ಲ್ಯೂಬೆಕ್ ಎಲ್ಲ ಕಾಲದಲ್ಲೂ ಇಷ್ಟು ಪ್ರಾಮಾಣಿಕವಾಗಿತ್ತೆಂದು ಭಾವಿಸಬೇಡಿ. ಅದೇ ದೇವಾಲಯದಲ್ಲಿ ಯುದ್ಧದ ನಂತರ ಒಂದು ವಿಚಿತ್ರ ಪ್ರಸಂಗ ನಡೆಯಿತು.

ಬೆಂಕಿಯ ಝಳಕ್ಕೆ ಗೋಡೆಯ ಸುಣ್ಣ ಉದುರಿದಾಗ ಅಡಿಯಲ್ಲಿ ಮಧ್ಯಯುಗದ ವರ್ಣಚಿತ್ರಗಳು ಇಣುಕಿದವು. ನಾಶದಲ್ಲೂ ಒಂದು ಕೊಡುಗೆ ಸಿಕ್ಕಿತೆಂದು ಜನ ಹರ್ಷಿಸಿದರು. ಅವುಗಳ ಜೀರ್ಣೋದ್ಧಾರವನ್ನು ಡೀಟ್ರಿಖ್ ಫೇ ಎಂಬುವರಿಗೆ ವಹಿಸಲಾಯಿತು. ಅಟ್ಟಣಿಗೆ ಏರಿ ಕುಂಚ ಹಿಡಿದವನು ಅವರ ಕೈಕೆಳಗಿನ ಲೋಥಾರ್ ಮಾಲ್ಸ್‌ಕಾಟ್. ದೇವಾಲಯದ 700ನೆಯ ವರ್ಷದ ಉತ್ಸವ 1951ರಲ್ಲಿ ನಡೆದಾಗ, ಪಶ್ಚಿಮ ಜರ್ಮನಿಯ ಪ್ರಧಾನಿ ಕೊನ್ರಾಡ್ ಅಡೆನವರ್ ಅವರೇ ಆಗಮಿಸಿದ್ದರು. ಚಿತ್ರಗಳ ಗೌರವಾರ್ಥ ಅಂಚೆಚೀಟಿಗಳೂ ಹೊರಬಂದವು. ಬಲಿಪೀಠದ ಸುತ್ತಲಿನ ಎತ್ತರದ ಗೋಡೆಯ ಮೇಲೆ ನಿಂತ ಸಂತರನ್ನು ಕಂಡು ಪಂಡಿತರು ತಲೆದೂಗಿದರು.

ಮರುವರ್ಷ, 1952ರಲ್ಲಿ, ಮಾಲ್ಸ್‌ಕಾಟ್ ತಾನಾಗಿಯೇ ಮುಂದೆ ಬಂದು ಸತ್ಯ ಹೇಳಿದ. ಅಲ್ಲಿ ಉಳಿದಿದ್ದ ಹಳೆಯ ಚಿತ್ರ ಬಹಳ ಕಡಿಮೆ. ಸಂತರನ್ನು ತಾನೇ ಹೊಸದಾಗಿ ಬರೆದೆನೆಂದ. ಮೊದಲು ಯಾರೂ ನಂಬಲಿಲ್ಲ! ತನಿಖೆಯಾದಾಗ ಅದು ನಿಜವೆಂದು ತಿಳಿಯಿತು. 1955ರಲ್ಲಿ ಮಾಲ್ಸ್‌ಕಾಟ್ ಮತ್ತು ಫೇ ಇಬ್ಬರಿಗೂ ಸೆರೆವಾಸದ ಶಿಕ್ಷೆಯಾಯಿತು. ಆ ಸುಳ್ಳು ಸಂತರನ್ನು ಗೋಡೆಯಿಂದ ತೊಳೆದುಹಾಕಿದರು.

ಅಷ್ಟೊಂದು ವಿದ್ವಾಂಸರು ಮೋಸಹೋದದ್ದು ಹೇಗೆ? ಎಲ್ಲರಿಗೂ ಅದು ನಿಜವಾಗಿರಲಿ ಎಂಬ ಆಸೆಯಿತ್ತು. ಸೋತು, ಸುಟ್ಟು, ಅವಮಾನಿತವಾದ ದೇಶಕ್ಕೆ ಆರು ಶತಮಾನದ ಹಿಂದಿನ ಉಜ್ವಲ ಚಿತ್ರಗಳು ಬೇಕಾಗಿದ್ದವು. ಹತ್ತು ವರ್ಷಗಳ ಹಿಂದೆ ತಮ್ಮ ನಡುವೆಯೇ ನಡೆದದ್ದನ್ನು ನೆನೆಯುವುದಕ್ಕಿಂತ ಬಣ್ಣ ಹಚ್ಚಿದ ಸಂತರನ್ನು ನೋಡುವುದು ಹಿತವಾಗಿತ್ತು. ವಿಪರ್ಯಾಸವೆಂದರೆ, ಆ ಹತ್ತು ವರ್ಷಗಳ ಹಿಂದೆ ಅದೇ ನಗರದಲ್ಲಿ ನಿಜವಾದ ಸಾಕ್ಷಿಗಳು ಬದುಕಿದ್ದರು.

ನಾಲ್ವರು

ಪ್ರಧಾನಾಲಯಕ್ಕೆ ಹೋಗುವ ದಾರಿಯಲ್ಲಿ ಯೇಸುವಿನ ಪವಿತ್ರ ಹೃದಯದ ದೇವಾಲಯವಿದೆ. ಧರ್ಮಸುಧಾರಣೆಯ ನಂತರ ಅಲ್ಪಸಂಖ್ಯಾತರಾಗಿ ಉಳಿದ ಇಲ್ಲಿನ ಕಥೋಲಿಕರು 1891ರಲ್ಲಿ ಕಟ್ಟಿಕೊಂಡ ದೇವಾಲಯವದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೂವರು ಯುವ ಗುರುಗಳು ಅಲ್ಲಿ ಸೇವೆಯಲ್ಲಿದ್ದರು. ಯೊಹಾನ್ನೆಸ್ ಪ್ರಾಸೆಕ್ ನಿರರ್ಗಳ ಪ್ರಬೋಧಕರು. ಬಲವಂತದ ದುಡಿಮೆಗೆ ತಂದಿದ್ದ ಪೋಲೆಂಡಿನವರಿಗೆ ಸೇವೆ ಸಲ್ಲಿಸಲೆಂದು ಪೋಲಿಷ್ ಭಾಷೆ ಕಲಿತವರು. ಎಡುವಾರ್ಡ್ ಮ್ಯುಲ್ಲರ್ ಬಡ ಕುಟುಂಬದಿಂದ ಬಂದು, ಮರಗೆಲಸ ಕಲಿತು, ಆಮೇಲೆ ಗುರುಗಳಾದವರು, ಯುವಜನರಿಗೆ ಅಚ್ಚುಮೆಚ್ಚು. ಹೆರ್ಮನ್ ಲಾಂಗೆ ಅಧ್ಯಯನಶೀಲರು.

ನಾಲ್ಕನೆಯವರು ಲೂಥರನ್ ಸಭಾಪಾಲಕ ಕಾರ್ಲ್ ಫ್ರೀಡ್ರಿಖ್ ಸ್ಟೆಲ್‌ಬ್ರಿಂಕ್. ಅವರ ಕಥೆ ನೇರವಾದದ್ದಲ್ಲ. ಉಗ್ರ ರಾಷ್ಟ್ರಾಭಿಮಾನಿಯಾಗಿದ್ದ ಅವರು ಮೊದಲು ನಾತ್ಸಿ ಪಕ್ಷವನ್ನು ಸೇರಿದ್ದರು. ಆ ಪಕ್ಷವು ಕ್ರೈಸ್ತ ವಿಶ್ವಾಸಕ್ಕೆ ಶತ್ರುವೆಂಬುದನ್ನು ಅರಿಯಲು ಅವರಿಗೆ ಕೆಲವು ವರ್ಷಗಳೇ ಬೇಕಾದವು. ಅರಿತ ಮೇಲೆ ಬಾಯಿ ಮುಚ್ಚಿಕೊಂಡಿರಲಿಲ್ಲ. ಪಕ್ಷವು ಅವರನ್ನು ಹೊರಹಾಕಿತು. 1941ರಲ್ಲಿ ಒಂದು ಶವಸಂಸ್ಕಾರದ ಸಂದರ್ಭದಲ್ಲಿ ಅವರಿಗೆ ಪ್ರಾಸೆಕ್ ಅವರ ಪರಿಚಯವಾಯಿತು. ಕಥೋಲಿಕ ಗುರುಗಳೂ ಲೂಥರನ್ ಸಭಾಪಾಲಕರೂ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ಸುಲಭವಾಗಿ ತುಳಿಯದ ಕಾಲವದು. ಆದರೂ ಈ ನಾಲ್ವರು ಗೆಳೆಯರಾದರು.

ಅದೇ 1941ರ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಮ್ಯುನ್‌ಸ್ಟರಿನ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಮೂರು ಪ್ರಬೋಧನೆಗಳನ್ನು ನೀಡಿದ್ದರು. ಮನೋರೋಗಿಗಳನ್ನೂ ಅಂಗವಿಕಲರನ್ನೂ ‘ನಿಷ್ಪ್ರಯೋಜಕರು’ ಎಂದು ಸರ್ಕಾರವೇ ಗುಟ್ಟಾಗಿ ಕೊಲ್ಲುತ್ತಿರುವುದನ್ನು ಆಗಸ್ಟ್ 3ರ ಪ್ರಬೋಧನೆಯಲ್ಲಿ ಅವರು ಬಹಿರಂಗವಾಗಿ ಕೊಲೆಯೆಂದು ಕರೆದರು. ಆ ವೇಳೆಗಾಗಲೇ 70,000ಕ್ಕೂ ಹೆಚ್ಚು ರೋಗಿಗಳನ್ನು ಕೊಲ್ಲಲಾಗಿತ್ತು. ಆ ಪ್ರಬೋಧನೆಗಳನ್ನು ಅಚ್ಚು ಹಾಕುವಂತಿರಲಿಲ್ಲ. ಲ್ಯೂಬೆಕ್ಕಿನ ಈ ನಾಲ್ವರು ಅವುಗಳ ಪ್ರತಿಗಳನ್ನು ಮಾಡಿ ಕೈಯಿಂದ ಕೈಗೆ ಹಂಚಿದರು.

ಗರಿಗಳ ಭಾನುವಾರದ ಬೆಳಿಗ್ಗೆ ಊರು ಇನ್ನೂ ಹೊಗೆಯಾಡುತ್ತಿರುವಾಗ ಸ್ಟೆಲ್‌ಬ್ರಿಂಕ್ ತಮ್ಮ ದೇವಾಲಯದಲ್ಲಿ ಪ್ರಬೋಧನೆ ನೀಡಿದರು. ದೇವರು ಈ ರಾತ್ರಿ ಗಟ್ಟಿ ದನಿಯಲ್ಲಿ ಮಾತನಾಡಿದ್ದಾರೆಂಬ ಅರ್ಥದ ಮಾತು ಅವರ ಬಾಯಿಂದ ಬಂತು. ಅದು ಊರೆಲ್ಲ ಹರಡಿತು. 1942ರ ಏಪ್ರಿಲ್ 7ರಂದು ರಹಸ್ಯ ಪೊಲೀಸರಾದ ಗೆಸ್ಟಾಪೋದವರು ಅವರನ್ನು ಬಂಧಿಸಿದರು. ಮೇ ಮತ್ತು ಜೂನ್ ತಿಂಗಳಲ್ಲಿ ಮೂವರು ಗುರುಗಳೂ ಸೆರೆಯಾದರು. ಧರ್ಮೋಪದೇಶ ಕೇಳುವ ನೆಪದಲ್ಲಿ ಪ್ರಾಸೆಕ್ ಅವರ ಬಳಿಗೆ ಬರುತ್ತಿದ್ದವನೊಬ್ಬ ಗೆಸ್ಟಾಪೋದ ಗೂಢಚಾರನಾಗಿದ್ದ. ಅವರೊಂದಿಗೆ 18 ಮಂದಿ ಶ್ರೀಸಾಮಾನ್ಯರೂ ಬಂಧನಕ್ಕೊಳಗಾದರು.

1943ರ ಜೂನ್ ತಿಂಗಳಲ್ಲಿ ಹಿಟ್ಲರನ ‘ಜನತಾ ನ್ಯಾಯಾಲಯ’ ಲ್ಯೂಬೆಕ್ಕಿಗೇ ಬಂದು ವಿಚಾರಣೆ ನಡೆಸಿ ನಾಲ್ವರಿಗೂ ಮರಣದಂಡನೆ ವಿಧಿಸಿತು. ಶತ್ರುದೇಶದ ರೇಡಿಯೋ ಕೇಳಿದ್ದು, ಸೈನ್ಯದ ಧೈರ್ಯ ಕುಗ್ಗಿಸಿದ್ದು, ಶತ್ರುವಿಗೆ ನೆರವಾದದ್ದು ಎಂಬ ಆರೋಪಗಳು. ಅದೇ ವರ್ಷದ ನವೆಂಬರ್ 10ರ ಸಂಜೆ ಹ್ಯಾಂಬರ್ಗಿನ ಸೆರೆಮನೆಯಲ್ಲಿ, ಮೂರು ಮೂರು ನಿಮಿಷಗಳ ಅಂತರದಲ್ಲಿ, ಒಬ್ಬರ ನಂತರ ಒಬ್ಬರ ಶಿರಚ್ಛೇದವಾಯಿತು. ಪ್ರಾಸೆಕ್ ಮತ್ತು ಮ್ಯುಲ್ಲರ್ ಅವರಿಗೆ 32 ವರ್ಷ, ಲಾಂಗೆಯವರಿಗೆ 31, ಸ್ಟೆಲ್‌ಬ್ರಿಂಕ್ ಅವರಿಗೆ 49. ನವೆಂಬರ್ 10 ಮಾರ್ಟಿನ್ ಲೂಥರ್ ಜನಿಸಿದ ದಿನ. ಲೂಥರರ ಕಾಲದಲ್ಲಿ ಬೇರ್ಪಟ್ಟ ಎರಡು ಸಭೆಗಳ ಸೇವಕರ ರಕ್ತ ಅವರ ಜನ್ಮದಿನದಂದೇ ಒಂದೇ ನೆಲದ ಮೇಲೆ ಹರಿದು ಸೇರಿತು.

ಐವತ್ತು ವರ್ಷಗಳ ಮೌನ

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಕಣ್ಣೊರೆಸಿಕೊಂಡು ಹಿಂತಿರುಗುತ್ತಿದ್ದೆ. ನನ್ನನ್ನು ಕಾಡಿದ್ದು ಮುಂದಿನದು.

ಮೂವರು ಕಥೋಲಿಕ ಗುರುಗಳನ್ನು ಅವರ ಧರ್ಮಾಧ್ಯಕ್ಷರಾದ ಓಸ್ನಾಬ್ರ್ಯುಕ್ಕಿನ ವಿಲ್‌ಹೆಲ್ಮ್ ಬೆರ್ನಿಂಗ್ ಸೆರೆಮನೆಗೆ ಹೋಗಿ ಕಂಡರು. ಕ್ಷಮಾದಾನ ಕೋರಿ ಮನವಿ ಸಲ್ಲಿಸಿದರು, ಅದು ತಿರಸ್ಕೃತವಾಯಿತು. ಅವರು ಸತ್ತ ಮೇಲೆ ಕಥೋಲಿಕರು ಪ್ರತಿವರ್ಷ ಅವರನ್ನು ನೆನೆದರು. ಆದರೆ ಸ್ಟೆಲ್‌ಬ್ರಿಂಕ್ ಅವರನ್ನು ಅವರದೇ ಸಭೆಯ ಅಂದಿನ ಮುಖಂಡರು ಸೇವೆಯಿಂದ ವಜಾ ಮಾಡಿದ್ದರು. ಆ ಮುಖಂಡರು ಆಳುವವರ ಪಕ್ಷ ವಹಿಸಿದವರು. ಯುದ್ಧ ಮುಗಿಯಿತು, ಹಿಟ್ಲರ್ ಅಳಿದ, ಸುಟ್ಟ ಶಿಖರಗಳು ಮತ್ತೆ ಮೇಲೆದ್ದವು. ಆ ವಜಾ ಆದೇಶ ಮಾತ್ರ ಹಾಗೆಯೇ ಉಳಿಯಿತು. 1993ರಲ್ಲಿ, ಅವರು ಸತ್ತು 50 ವರ್ಷಗಳಾದ ಮೇಲೆ, ಅವರ ಸಭೆ ಅವರಿಗೆ ಗೌರವವನ್ನು ಮರಳಿಸಿತು.

ಇದನ್ನು ನಾನು ಇನ್ನೊಂದು ಸಭೆಯ ಕಡೆಗೆ ಬೆರಳು ತೋರಲು ಹೇಳುತ್ತಿಲ್ಲ. ಅಂದಿನ ಜರ್ಮನಿಯಲ್ಲಿ ಮೌನವಾಗಿದ್ದ ಕಥೋಲಿಕರೂ ಸಾಕಷ್ಟಿದ್ದರು. ಐವತ್ತು ವರ್ಷ ತಡವಾಗಿಯಾದರೂ ‘ನಾವು ತಪ್ಪಿದೆವು’ ಎಂದ ಸಭೆಯನ್ನು ಗೌರವಿಸಲೆಂದೇ ಹೇಳುತ್ತಿದ್ದೇನೆ. 2011ರ ಜೂನ್ 25ರಂದು ಲ್ಯೂಬೆಕ್ಕಿನಲ್ಲಿ ಮೂವರು ಗುರುಗಳನ್ನು ಧನ್ಯರೆಂದು ಘೋಷಿಸಿದಾಗ, ಅದೇ ಸಮಾರಂಭದಲ್ಲಿ ಸ್ಟೆಲ್‌ಬ್ರಿಂಕ್ ಅವರನ್ನೂ ಹೆಸರಿಸಿ ಸ್ಮರಿಸಲಾಯಿತು. ಇಂದು ಆ ಊರಿನಲ್ಲಿ ಮೂವರೆಂದು ಯಾರೂ ಹೇಳುವುದಿಲ್ಲ, ನಾಲ್ವರೆಂದೇ ಹೇಳುತ್ತಾರೆ.

ಅವರಲ್ಲಿ ಹೆರ್ಮನ್ ಲಾಂಗೆ ಹುಟ್ಟಿದ್ದು ಜರ್ಮನಿಯ ವಾಯುವ್ಯ ಕರಾವಳಿಯ ಪೂರ್ವ ಫ್ರೀಸಿಯ ಪ್ರಾಂತ್ಯದ ಲೇರ್ ಎಂಬ ಊರಿನಲ್ಲಿ. ಆ ಪ್ರಾಂತ್ಯದ ಹೆಸರು ಓದಿದೊಡನೆ ನನಗೆ ಬೇರೊಬ್ಬರು ನೆನಪಾದರು. 1832ರಲ್ಲಿ ಅದೇ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಮೂಲಕ 1853ರಲ್ಲಿ ನಮ್ಮ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಮಹಾ ನಿಘಂಟನ್ನು ಅಚ್ಚು ಮಾಡಿಸಿದ ಫೆರ್ಡಿನಂಡ್ ಕಿಟ್ಟೆಲ್. ನಾವು ಕನ್ನಡದಲ್ಲಿ ಒಂದು ಪದದ ಅರ್ಥಕ್ಕಾಗಿ ತಡಕಾಡುವಾಗ ಇಂದಿಗೂ ಅವರ ಸಹಾಯ ಪಡೆಯುತ್ತೇವೆ. ನನ್ನ ಗುರುಮಠದ ಪುಸ್ತಕಾಲಯದಲ್ಲಿಯೂ ಆ ನಿಘಂಟು ಇತ್ತು. ಅದು ಯಾವ ಸಭೆಯವರದೆಂದು ನಾವು ಯಾರೂ ಕೇಳಲಿಲ್ಲ.

‘ಗೋಡೆ ಎಲ್ಲಿ ಹೋಯಿತು?’

ಸಂಜೆ ಮತ್ತೊಮ್ಮೆ ಮರಿಯಮ್ಮನವರ ದೇವಾಲಯಕ್ಕೆ ಹೋಗಿ ಆ ಗಂಟೆಗಳ ಮುಂದೆ ನಿಂತೆ. ಆಗ ನನ್ನದೇ ಒಂದು ತಪ್ಪು ನೆನಪಿಗೆ ಬಂತು. ಅದನ್ನು ಹೇಳದೆ ಈ ಲೇಖನ ಮುಗಿಸಿದರೆ ನಾನೂ ಗೋಡೆಗೆ ಸುಳ್ಳು ಸಂತರನ್ನು ಬರೆದವನಂತಾದೇನು.

ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿತು. ಸ್ಮರಣ ಸಂಚಿಕೆಯ ಸಂಪಾದಕ ನಾನೇ. ಹಳೆಯ ದಾಖಲೆಗಳನ್ನು ಓದುವಾಗ, ಅಲ್ಲಿನ ಸಮಾಧಿಭೂಮಿಯ ನಡುವೆ ಒಮ್ಮೆ ಒಂದು ಗೋಡೆ ಇತ್ತೆಂಬುದು ತಿಳಿಯಿತು. ಜಾತಿಯ ಕಾರಣಕ್ಕಾಗಿ ನಮ್ಮದೇ ವಿಶ್ವಾಸಿಗಳಲ್ಲಿ ಒಂದು ವರ್ಗದವರನ್ನು ಆ ಗೋಡೆಯ ಆಚೆಗೆ ಹೂಳುತ್ತಿದ್ದರು. ಒಂದೇ ಸ್ನಾನದೀಕ್ಷೆ ಪಡೆದವರು, ಒಂದೇ ಪರಮಪ್ರಸಾದ ಸ್ವೀಕರಿಸಿದವರು, ಮಣ್ಣಿನಲ್ಲಿ ಮಾತ್ರ ಬೇರೆ ಬೇರೆ. ಮುಂದೆ ಯಾವಾಗಲೋ ಆ ಗೋಡೆಯನ್ನು ಕೆಡವಲಾಗಿತ್ತು. ನಾನು ಯೋಚಿಸಿದೆ: ಹಬ್ಬದ ಸಮಯ, ಎಲ್ಲರೂ ಒಟ್ಟಾಗಿದ್ದಾರೆ, ಹಳೆಯ ಗಾಯವನ್ನು ಕೆದಕುವುದೇಕೆ? ಆ ವಿಷಯವನ್ನು ಬಿಟ್ಟುಬಿಟ್ಟೆ. ಸಂಚಿಕೆ ಬಣ್ಣದ ಚಿತ್ರಗಳೊಡನೆ ಸುಂದರವಾಗಿ ಬಂತು.

ಹಬ್ಬ ಕಳೆದ ಮೇಲೆ ಒಬ್ಬ ವೃದ್ಧರು ಸಂಚಿಕೆಯನ್ನು ಕೈಯಲ್ಲಿ ಹಿಡಿದು ಗುರುನಿವಾಸಕ್ಕೆ ಬಂದರು. ಕೋಪವೇನೂ ಇರಲಿಲ್ಲ. ‘ಪುಸ್ತಕ ಚೆನ್ನಾಗಿದೆ ಸ್ವಾಮಿ. ಆದರೆ ಆ ಗೋಡೆ ಎಲ್ಲಿ ಹೋಯಿತು?’ ಎಂದರು. ನಾನು ಏನೋ ಸಮಜಾಯಿಷಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೋಡೆ ಇದ್ದದ್ದನ್ನು ಬರೆಯದಿದ್ದರೆ ಅದನ್ನು ಕೆಡವಿದ್ದನ್ನೂ ಬರೆಯುವ ಹಾಗಿಲ್ಲ ಸ್ವಾಮಿ. ಕೆಡವಿದವರಲ್ಲಿ ನಮ್ಮಪ್ಪನೂ ಇದ್ದ’ ಎಂದರು.

ಆ ಮಾತಿನ ತೂಕ ನನಗೆ ಅಂದು ತಿಳಿಯಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ, ಒಡೆದ ಗಂಟೆಗಳ ಮುಂದೆ ತಿಳಿಯಿತು. ಪಾಪವನ್ನು ಮುಚ್ಚಿಟ್ಟರೆ ಅದರೊಂದಿಗೆ ಕೃಪೆಯೂ ಮುಚ್ಚಿಹೋಗುತ್ತದೆ. ತೀರ್ಪು ಕೊಟ್ಟವರನ್ನು ಮರೆಯಲು ಹೊರಟವರು ಸಾಕ್ಷಿ ನುಡಿದವರನ್ನೂ ಮರೆಯುತ್ತಾರೆ. ಪಾಪನಿವೇದನೆಯ ಪೀಠದಲ್ಲಿ ಕುಳಿತು ಇದನ್ನು ನೂರಾರು ಜನರಿಗೆ ಬೋಧಿಸಿದ ನಾನು, ನನ್ನ ಧರ್ಮಕೇಂದ್ರದ ಚರಿತ್ರೆ ಬರೆಯುವಾಗ ಅದನ್ನು ಮರೆತಿದ್ದೆ.

ಊರಿಗೆ ಮರಳಿದ ಮೇಲೆ ಆ ಗೋಡೆಯ ಕುರಿತು ಗೊತ್ತಿದ್ದಷ್ಟನ್ನು, ಅದನ್ನು ಕೆಡವಿದವರ ಹೆಸರುಗಳೊಡನೆ, ನಾಲ್ಕು ಪುಟಗಳಲ್ಲಿ ಬರೆದು ಆ ಧರ್ಮಕೇಂದ್ರದ ಈಗಿನ ಗುರುಗಳಿಗೆ ಕಳುಹಿಸಿದೆ. ಅವರು ಅದನ್ನು ಧರ್ಮಕೇಂದ್ರದ ಚರಿತ್ರೆಯ ದಾಖಲೆ ಪುಸ್ತಕಕ್ಕೆ ಸೇರಿಸಿ, ಒಂದು ಭಾನುವಾರ ಬಲಿಪೂಜೆಯ ಕೊನೆಗೆ ಓದಿಯೂ ಹೇಳಿದರಂತೆ. ಆ ವೃದ್ಧರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗಳು ಮುಂದಿನ ಸಾಲಿನಲ್ಲಿ ಕುಳಿತಿದ್ದರೆಂದು ಗುರುಗಳು ನನಗೆ ತಿಳಿಸಿದರು.